ಸೌಮ್ಯವೆನಿಸಿಕೊಂಡ ಒಂದು ವೇದನಾಶಾಮಕದ ಚರಿತ್ರೆ

ರಾಜರ ಪಟ್ಟಾಭಿಷೇಕ, ಯುದ್ಧ, ಸಂಧಿ ಇವುಗಳಿಗೆ ಮಾತ್ರವೇ ಚರಿತ್ರೆಯುಂಟೆಂದು ಭಾವಿಸುವವರು ನಮ್ಮಲ್ಲಿ ಈಗಲೂ ಅನೇಕರಿರುವರು. ಔಷಧದಂಗಡಿಯಿಂದ ಕೊಂಡು ತಂದ ಒಂದು ಸಣ್ಣ ಗುಳಿಗೆಗೂ ಜನ್ಮ, ನಾಮಕರಣ, ದಿಗ್ವಿಜಯ, ಅಪಕೀರ್ತಿ ಎಂಬಿವೆಲ್ಲವೂ ಉಂಟೆಂಬುದನ್ನು ವಾಚಕರ ಮುಂದಿಡಬೇಕೆಂಬುದೇ ಈ ಲೇಖನದ ಉದ್ದೇಶವು. ನಾನು ಆರಿಸಿಕೊಂಡಿರುವುದು ಟ್ರಮಡಾಲ್ ಎಂಬ ವೇದನಾಶಾಮಕವನ್ನು. ಇದು ಪ್ರಯೋಗಶಾಲೆಯಲ್ಲಿ ಕೃತಕವಾಗಿ ನಿರ್ಮಿತವಾದ ವಸ್ತು. ಗುಣದಿಂದ ಅಫೀಮಿನ ಕುಲಕ್ಕೆ ಸೇರಿದುದಾದರೂ ಇದನ್ನು ಮಾಡಲು ಗಸಗಸೆಯ ಗಿಡದ ಒಂದು ಹನಿ ಹಾಲೂ ಬೇಕಿಲ್ಲ. ಆ ಕುಲದಲ್ಲಿ ಇದು ‘ಸೌಮ್ಯ’ವಾದುದೆಂದು ವೈದ್ಯರು ವರ್ಗೀಕರಿಸಿರುವರು. ಮೂಳೆ ಮುರಿದವರಿಗೆ, ಶಸ್ತ್ರಚಿಕಿತ್ಸೆಯಾದವರಿಗೆ, ಅರ್ಬುದರೋಗದಿಂದ ನರಳುವವರಿಗೆ ಲೋಕದ ನಾನಾ ದೇಶಗಳಲ್ಲಿ ಇದನ್ನು ಕೊಡುವುದುಂಟು.

ಆದರೆ ಇದನ್ನು ನುಂಗಿದವರನ್ನು ವಿಚಾರಿಸಿ ನೋಡಿರಿ. ಒಬ್ಬನು, ಅರ್ಧ ಗಂಟೆಯಲ್ಲಿ ನೋವು ಹತ್ತಿಯಂತೆ ಹಗುರವಾಯಿತೆನ್ನುವನು. ಮತ್ತೊಬ್ಬನು, ನೋವು ಇದ್ದಂತೆಯೇ ಇದ್ದು ತಲೆಸುತ್ತು, ವಾಂತಿ, ಬೆವರು ಇವು ಮಾತ್ರ ಹೆಚ್ಚಾಗಿ ಬಂದುವೆನ್ನುವನು. ಮೂರನೆಯವನು, ಒಳಿತೂ ಇಲ್ಲ ಕೆಡುಕೂ ಇಲ್ಲ, ಸುಣ್ಣದ ಉಂಡೆ ನುಂಗಿದಂತಾಯಿತೆನ್ನುವನು. ನಾಲ್ಕನೆಯವನಿಗೆ ಅದನ್ನು ಬಿಡುವುದೇ ಅಶಕ್ಯವಾಗಿರುವುದು. ಇವರೆಲ್ಲರೂ ನುಂಗಿದುದು ಒಂದೇ ಗುಳಿಗೆಯನ್ನು, ಒಂದೇ ತೂಕದಲ್ಲಿ. ಇವರಲ್ಲಿ ಯಾರ ಮಾತು ಸತ್ಯ? ಬಹುಕಾಲದವರೆಗೆ ವೈದ್ಯಲೋಕವು ಮೊದಲನೆಯವನನ್ನು ನಂಬಿ ಉಳಿದವರನ್ನು ಸಂಶಯದಿಂದ ನೋಡಿತು. ನಾಲ್ವರೂ ಸತ್ಯವನ್ನೇ ನುಡಿಯುತ್ತಿರಬಹುದೆಂಬುದನ್ನು ತಿಳಿಯಲು ಹಿಡಿದ ಕಾಲವೇ ಈ ಚರಿತ್ರೆಯ ಸಾರಾಂಶವು.

ಮೂಲದಿಂದ ಹೊರಡೋಣ. ಚರಕ ಸುಶ್ರುತ ಸಂಹಿತೆಗಳಲ್ಲಿ ಅಫೀಮಿನ ಪ್ರಸ್ತಾಪವು ಕಾಣುವುದಿಲ್ಲ. ಶಾರ್ಙ್ಗಧರ ಸಂಹಿತೆಯ ಕಾಲಕ್ಕೆ ಅದು ‘ಅಹಿಫೇನ’ವೆಂಬ ಹೆಸರಿನಿಂದ ನಮ್ಮ ವೈದ್ಯದೊಳಗೆ ಪ್ರವೇಶಿಸಿತ್ತು. ಹಾವಿನ ನೊರೆ ಎಂದು ಅರ್ಥ ಹೇಳುವ ಈ ಶಬ್ದವನ್ನು ಕಂಡು ಪಂಡಿತರು ಕಥೆ ಕಟ್ಟಿರುವುದುಂಟು. ನಿಜವಾಗಿ ಗ್ರೀಕರು ರಸವೆಂಬ ಅರ್ಥದಲ್ಲಿ ಇಟ್ಟ ‘ಓಪಿಯನ್’ ಎಂಬ ಹೆಸರು ಅರಬರ ಬಾಯಲ್ಲಿ ‘ಅಫ್ಯೂನ್’ ಆಗಿ, ನಮ್ಮಲ್ಲಿಗೆ ಬಂದು ಸಂಸ್ಕೃತದ ಉಡಿಗೆಯುಟ್ಟಿತು. ಶಾರ್ಙ್ಗಧರನು ಅಹಿಫೇನವನ್ನು ‘ವ್ಯವಾಯಿ’ ದ್ರವ್ಯಕ್ಕೆ ಉದಾಹರಣೆಯಾಗಿ ಹೇಳಿರುವನು. ಮೊದಲು ದೇಹವನ್ನೆಲ್ಲ ವ್ಯಾಪಿಸಿ ಅನಂತರ ಪಾಕಕ್ಕೆ ಬರುವಂಥದು ವ್ಯವಾಯಿ. ಈ ಲಕ್ಷಣವನ್ನು ವಾಚಕರು ನೆನಪಿನಲ್ಲಿಟ್ಟಿರಬೇಕು. ಮುಂದೆ ಇದರ ಪ್ರಯೋಜನವಿದೆ.

ಅಫೀಮಿನ ಸಾರವನ್ನು ಮೊದಲು ಬೇರ್ಪಡಿಸಿದವನು ಜರ್ಮನಿಯ ಸೆರ್ಟ್ಯೂರ್ನರ್ ಎಂಬ ತರುಣ ಔಷಧ ತಯಾರಕನು. ೧೮೦೫ರ ಸುಮಾರಿಗೆ ಅವನು ಪಡೆದ ಬಿಳಿಯ ಹರಳುಗಳಿಗೆ ಗ್ರೀಕರ ಸ್ವಪ್ನದೇವತೆಯ ಹೆಸರು ಸೇರಿ ಮಾರ್ಫೀನ್ ಎಂಬ ನಾಮವು ಬಂದಿತು. ೧೮೧೭ರಲ್ಲಿ ಅವನು ಪ್ರಕಟಿಸಿದ ಪ್ರಬಂಧದಲ್ಲಿ ಒಂದು ಸಾಹಸದ ವೃತ್ತಾಂತವಿದೆ. ಮೂವರು ಹುಡುಗರನ್ನು ಕೂಡಿಸಿಕೊಂಡು, ತಾನೂ ಸೇರಿ, ಅರ್ಧ ಅರ್ಧ ಗ್ರೇನಿನಂತೆ ಮೂರು ಸಲ ಅದನ್ನು ಸೇವಿಸಿದನು. ಎಲ್ಲರಿಗೂ ವಿಷದ ಲಕ್ಷಣಗಳು ಕಂಡುಬರಲು, ತೀಕ್ಷ್ಣವಾದ ವಿನಿಗರನ್ನು ಕುಡಿಸಿ ವಾಂತಿ ಮಾಡಿಸಿ ಪ್ರಾಣವುಳಿಸಿಕೊಂಡರು. ಔಷಧವನ್ನು ತನ್ನ ಮೈಮೇಲೆಯೇ ಪರೀಕ್ಷಿಸಿ ನೋಡುವ ಈ ಚಾಳಿಯು ವಿಜ್ಞಾನಿಗಳಲ್ಲಿ ಆಮೇಲೂ ಉಳಿಯಿತು. ನಮ್ಮ ಕಥೆಯ ತಿರುವೊಂದು ಅದರಿಂದಲೇ ಉಂಟಾಯಿತು.

ಮಾರ್ಫೀನಿನ ಬಲವನ್ನೂ ಅದರ ಚಟವನ್ನೂ ಕಂಡ ಮೇಲೆ ರಸಾಯನಜ್ಞರಿಗೆ ಒಂದು ಆಸೆ ಹುಟ್ಟಿತು. ನೋವನ್ನು ಕಳೆಯುವ ಗುಣವಿರಬೇಕು, ಅಂಟಿಕೊಳ್ಳುವ ದೋಷವಿರಬಾರದು. ಇಂಥ ನಿರ್ದೋಷವಾದ ಅಫೀಮನ್ನು ಹುಡುಕಿ ಹೊರಟವರ ಪಂಕ್ತಿಯು ಉದ್ದವಾಗಿದೆ. ೧೮೭೪ರಲ್ಲಿ ಲಂಡನ್ನಿನ ಸೇಂಟ್ ಮೇರಿ ಆಸ್ಪತ್ರೆಯ ವೈದ್ಯಶಾಲೆಯಲ್ಲಿ ಆಲ್ಡರ್ ರೈಟ್ ಎಂಬಾತನು ಮಾರ್ಫೀನಿನಿಂದ ಹೊಸ ವಸ್ತುವೊಂದನ್ನು ಮಾಡಿದನು. ೧೮೯೮ರಲ್ಲಿ ಜರ್ಮನಿಯ ಬಾಯರ್ ಸಂಸ್ಥೆಯು ಅದನ್ನೇ ಹೆರಾಯಿನ್ ಎಂಬ ಹೆಸರಿನಿಂದ ಕೆಮ್ಮಿನ ಔಷಧವಾಗಿ ಪೇಟೆಗೆ ತಂದಿತು. ಅದರ ಮುಂದಿನ ಗತಿಯನ್ನು ನಾನು ಹೇಳಬೇಕಾಗಿಲ್ಲ. ೧೯೩೯ರಲ್ಲಿ ಅದೇ ದೇಶದಲ್ಲಿ ಹೊಟ್ಟೆಯ ಸೆಳೆತವನ್ನು ತಗ್ಗಿಸುವ ಔಷಧವನ್ನು ಅರಸುತ್ತಿದ್ದ ಐಸ್ಲೆಬ್ ಎಂಬವನ ಕೈಗೆ ಪೆಥಿಡಿನ್ ದೊರೆಯಿತು. ಅದನ್ನು ಕೊಟ್ಟ ಇಲಿಗಳ ಬಾಲವು ಮಾರ್ಫೀನ್ ಕೊಟ್ಟಾಗಿನಂತೆ ಡೊಂಕಾಗಿ ಮೇಲೆದ್ದುದನ್ನು ಷೌಮನ್ ಎಂಬ ಜೊತೆಗಾರನು ಗಮನಿಸಿದುದರಿಂದ ಅದು ವೇದನಾಶಾಮಕವೆಂದು ತಿಳಿಯಿತು. ಗಸಗಸೆಯ ಹಂಗಿಲ್ಲದೆಯೂ ಅಫೀಮಿನ ಗುಣವನ್ನು ಹುಟ್ಟಿಸಬಹುದೆಂಬುದಕ್ಕೆ ಇದು ನಿದರ್ಶನವಾಯಿತು.

ಸೌಮ್ಯವೆಂಬ ವಿಶೇಷಣವನ್ನು ತನ್ನದಾಗಿ ಮಾಡಿಕೊಂಡ ಕೃತಕ ದ್ರವ್ಯವು ಪ್ರೊಪಾಕ್ಸಿಫೀನ್. ೧೯೫೭ರಲ್ಲಿ ಅಮೆರಿಕದ ಎಲಿ ಲಿಲ್ಲಿ ಸಂಸ್ಥೆಯು ಇದನ್ನು ಡಾರ್ವಾನ್ ಎಂಬ ಹೆಸರಿನಿಂದ ಮಾರತೊಡಗಿತು. ದಶಕಗಳ ಕಾಲ ಹಲ್ಲುನೋವಿನಿಂದ ಹಿಡಿದು ಸಂಧಿವಾತದವರೆಗೆ ಎಲ್ಲಕ್ಕೂ ಇದನ್ನು ಬರೆದುಕೊಟ್ಟರು. ಇದು ದುರ್ಬಲವೆಂದು ದೂರಿದವರೂ ಇದ್ದರು. ಇದಿಲ್ಲದೆ ಬದುಕಿಲ್ಲವೆಂದವರೂ ಇದ್ದರು. ಆದರೆ ಹಿತಕ್ಕೂ ವಿಷಕ್ಕೂ ನಡುವಣ ಅಂತರವು ಇದರಲ್ಲಿ ಅತಿ ಕಿರಿದಾಗಿತ್ತು. ಪ್ಯಾರಸಿಟಮಾಲಿನೊಡನೆ ಕೂಡಿಸಿದ ಇದರ ಗುಳಿಗೆಯಿಂದ ಇಂಗ್ಲೆಂಡು ಮತ್ತು ವೇಲ್ಸುಗಳಲ್ಲಿ ವರ್ಷಕ್ಕೆ ೩೦೦ರಿಂದ ೪೦೦ ಮರಣಗಳು ಸಂಭವಿಸುತ್ತಿದ್ದುವೆಂದೂ, ಅವುಗಳಲ್ಲಿ ಸುಮಾರು ಐದರಲ್ಲೊಂದು ಭಾಗವು ಉದ್ದೇಶಪೂರ್ವಕವಲ್ಲದೆ ಆದುವೆಂದೂ ಲೆಕ್ಕ ತಿಳಿದ ಮೇಲೆ, ೨೦೦೫ರಲ್ಲಿ ಬ್ರಿಟನ್ ಅದನ್ನು ಹಿಂತೆಗೆಯಲು ನಿಶ್ಚಯಿಸಿತು. ಹೃದಯದ ಬಡಿತವನ್ನು ಕೆಡಿಸುವುದೆಂಬ ಕಾರಣದಿಂದ ೨೦೧೦ರಲ್ಲಿ ಅಮೆರಿಕವೂ, ೨೦೧೩ರಲ್ಲಿ ನಮ್ಮ ಭಾರತ ಸರ್ಕಾರವೂ ಅದನ್ನು ನಿಲ್ಲಿಸಿದುವು. ಸೌಮ್ಯವೆಂದು ಕರೆಸಿಕೊಂಡುದು ಐವತ್ತು ವರ್ಷಗಳ ಮೇಲೆ ಹೀಗೆ ಅಂಗಡಿಯಿಂದ ಇಳಿಯಿತು.

ಟ್ರಮಡಾಲಿನ ಜನ್ಮಸ್ಥಾನವೂ ಜರ್ಮನಿಯೇ. ಆಖೆನ್ ನಗರದ ಸಮೀಪದ ಷ್ಟೋಲ್‌ಬೆರ್ಗ್ ಎಂಬ ಊರಿನಲ್ಲಿ ೧೯೪೬ರಲ್ಲಿ ಸ್ಥಾಪಿತವಾದ ಗ್ರ್ಯೂನೆಂತಾಲ್ ಎಂಬ ಸಂಸ್ಥೆಯಲ್ಲಿ, ೧೯೬೨ರಲ್ಲಿ, ಕುರ್ಟ್ ಫ್ಲಿಕ್ ಎಂಬ ರಸಾಯನಜ್ಞನು ಇದನ್ನು ನಿರ್ಮಿಸಿದನು. ಈ ಇಸವಿಯು ಚರಿತ್ರಕಾರನ ಗಮನಕ್ಕೆ ಅರ್ಹವಾಗಿದೆ. ಇದೇ ಸಂಸ್ಥೆಯು ೧೯೫೭ರಲ್ಲಿ ಥಾಲಿಡೋಮೈಡ್ ಎಂಬ ನಿದ್ರಾಕಾರಕವನ್ನು ಅತ್ಯಂತ ನಿರಪಾಯವಾದುದೆಂದು ಸಾರಿ ಮಾರಿತ್ತು. ಗರ್ಭಿಣಿಯರು ಅದನ್ನು ಸೇವಿಸಿದುದರಿಂದ ಹತ್ತು ಸಾವಿರದಷ್ಟು ಶಿಶುಗಳು ಕೈಕಾಲುಗಳ ವಿಕಲತೆಯೇ ಮೊದಲಾದ ದೋಷಗಳೊಡನೆ ಜನಿಸಿದುವು. ೧೯೬೧ರ ನವೆಂಬರಿನಲ್ಲಿ ಅದನ್ನು ಪೇಟೆಯಿಂದ ಹಿಂತೆಗೆದುಕೊಳ್ಳಬೇಕಾಯಿತು. ಹೀಗೆ ಒಂದು ‘ನಿರಪಾಯ’ವಾದ ಔಷಧದ ಚಿತೆಯು ಆರುವುದಕ್ಕೆ ಮುನ್ನವೇ ಅದೇ ಅಂಗಳದಲ್ಲಿ ಮತ್ತೊಂದು ‘ಸೌಮ್ಯ’ವಾದ ಔಷಧದ ತೊಟ್ಟಿಲು ಕಟ್ಟಲ್ಪಟ್ಟಿತು. ಆದರೆ ಇದು ಪೇಟೆಗೆ ಬರಲು ಹದಿನೈದು ವರ್ಷಗಳು ಹಿಡಿದುವು. ೧೯೭೭ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ಟ್ರಮಾಲ್ ಎಂಬ ಹೆಸರಿನಿಂದ ಮಾರಾಟವು ಆರಂಭವಾಯಿತು. ೧೯೯೫ರಲ್ಲಿ ಅಮೆರಿಕವು ಇದಕ್ಕೆ ಅನುಮತಿ ಕೊಟ್ಟಿತು. ಚಟದ ಭಯವು ಅಲ್ಪವೆಂದು ತಿಳಿದು ಮಾದಕದ್ರವ್ಯಗಳ ನಿರ್ಬಂಧದಿಂದ ಹೊರಗಿಟ್ಟಿತು.

ಇದು ಕೆಲಸ ಮಾಡುವ ಕ್ರಮವು ವಿಚಿತ್ರವಾದುದು. ಟ್ರಮಡಾಲಿನ ಕಣಗಳಲ್ಲಿ ಎಡಗೈ ಬಲಗೈಗಳಂತೆ ಪರಸ್ಪರ ಪ್ರತಿಬಿಂಬವಾದ ಎರಡು ರೂಪಗಳಿವೆ. ಗುಳಿಗೆಯಲ್ಲಿ ಎರಡೂ ಸಮಪಾಲಾಗಿ ಬೆರೆತಿರುವುವು. ನರಗಳ ನಡುವೆ ಸಂದೇಶವನ್ನೊಯ್ಯುವ ಸೆರೊಟೋನಿನ್, ನಾರ್‌ಅಡ್ರಿನಲಿನ್ ಎಂಬ ರಸಗಳುಂಟಷ್ಟೆ. ಒಂದು ರೂಪವು ಮೊದಲನೆಯದನ್ನೂ, ಮತ್ತೊಂದು ರೂಪವು ಎರಡನೆಯದನ್ನೂ ನರಗಳು ಬೇಗನೆ ಹಿಂದಕ್ಕೆ ಸೆಳೆದುಕೊಳ್ಳದಂತೆ ತಡೆಯುವುವು. ಇದರಿಂದ ಬೆನ್ನುಹುರಿಯಲ್ಲಿ ನೋವಿನ ವಾರ್ತೆಯು ಮಂದವಾಗುವುದು. ಇದು ಅಫೀಮಿನ ದಾರಿಯಲ್ಲ. ಮನಸ್ಸಿನ ಖಿನ್ನತೆಗೆ ಕೊಡುವ ಔಷಧಗಳ ದಾರಿ. ಅಫೀಮಿನ ದಾರಿಯು ಬೇರೊಂದಿದೆ. ಟ್ರಮಡಾಲ್ ಯಕೃತ್ತಿಗೆ ಹೋಗಿ, ಅಲ್ಲಿ ಒಂದು ಕಿಣ್ವದಿಂದ ರೂಪಾಂತರ ಹೊಂದಿ, ಹೊಸ ವಸ್ತುವಾಗಿ ಹೊರಬರುವುದು. ಈ ಹೊಸ ವಸ್ತುವು ಮಾರ್ಫೀನ್ ಹಿಡಿಯುವ ಗ್ರಾಹಕವನ್ನು ಮೂಲ ಟ್ರಮಡಾಲಿಗಿಂತ ಸುಮಾರು ೨೦೦ ಪಾಲು ಹೆಚ್ಚು ಬಲದಿಂದ ಹಿಡಿಯುವುದು. ಶಾರ್ಙ್ಗಧರನ ವ್ಯವಾಯಿ ಲಕ್ಷಣವನ್ನು ಈಗ ಸ್ಮರಿಸಿಕೊಳ್ಳಿರಿ. ಅಹಿಫೇನವು ವ್ಯಾಪಿಸಿ ಆಮೇಲೆ ಪಾಕವಾಗುವುದು. ಟ್ರಮಡಾಲಿನಲ್ಲಿರುವ ಅಫೀಮಿನ ಅಂಶವಾದರೋ ಪಾಕವಾದ ಮೇಲೆಯೇ ಬಲವನ್ನು ಪಡೆಯುವುದು. ಅಡಿಗೆಯವನು ಕೈಕೊಟ್ಟರೆ ಅಕ್ಕಿ ಅಕ್ಕಿಯಾಗಿಯೇ ಉಳಿಯುವುದಲ್ಲವೆ?

ಆ ಅಡಿಗೆಯವನ ಹೆಸರು ಸಿ.ವೈ.ಪಿ. ೨ಡಿ೬. ಹೆಸರು ಶುಷ್ಕವಾದರೂ ಇದನ್ನು ಕಂಡುಹಿಡಿದ ಕಥೆಯು ರಸವತ್ತಾದುದು.

೧೯೭೫ರಲ್ಲಿ, ಆಲ್ಡರ್ ರೈಟನು ನೂರು ವರ್ಷಗಳ ಹಿಂದೆ ಹೆರಾಯಿನ್ ಮಾಡಿದ ಅದೇ ಸೇಂಟ್ ಮೇರಿ ಆಸ್ಪತ್ರೆಯ ವೈದ್ಯಶಾಲೆಯಲ್ಲಿ, ರಾಬರ್ಟ್ ಸ್ಮಿತ್ ಎಂಬ ವಿದ್ವಾಂಸನು ಡೆಬ್ರಿಸೊಕ್ವಿನ್ ಎಂಬ ಔಷಧವು ದೇಹದಲ್ಲಿ ಏನಾಗುವುದೆಂಬುದನ್ನು ಶೋಧಿಸುತ್ತಿದ್ದನು. ಅದು ರಕ್ತದೊತ್ತಡವನ್ನು ಇಳಿಸಲು ಕೊಡುತ್ತಿದ್ದ ಔಷಧ. ನೋವಿಗೂ ಅದಕ್ಕೂ ಸಂಬಂಧವಿಲ್ಲ. ಸ್ಮಿತ್ ಮತ್ತು ಅವನ ಸಂಗಡಿಗರು ಒಂದೇ ಪ್ರಮಾಣದಲ್ಲಿ ಅದನ್ನು ತಾವೇ ಸೇವಿಸಿದರು. ಉಳಿದವರಿಗೆ ಹೇಳಿಕೊಳ್ಳುವಂಥದೇನೂ ಆಗಲಿಲ್ಲ. ಸ್ಮಿತ್ತನಿಗೆ ಮಾತ್ರ ಎರಡು ಗಂಟೆಯೊಳಗಾಗಿ ರಕ್ತದೊತ್ತಡವು ಪಾತಾಳಕ್ಕಿಳಿದು, ಎದ್ದು ನಿಲ್ಲಲಾಗದೆ ಕುಸಿದನು. ಬೇರೊಬ್ಬನಾಗಿದ್ದರೆ ಅಂದಿನ ಅಶಕ್ತಿಯೆಂದೋ ಬರಿಹೊಟ್ಟೆಯ ಫಲವೆಂದೋ ತಳ್ಳಿಹಾಕಿಬಿಡುತ್ತಿದ್ದನು. ಸ್ಮಿತ್ತನು ಹಾಗೆ ಮಾಡಲಿಲ್ಲ. ತನ್ನ ಮೂತ್ರವನ್ನು ಪರೀಕ್ಷಿಸಿ, ಸಂಗಡಿಗರ ದೇಹದಲ್ಲಿ ರೂಪಾಂತರ ಹೊಂದಿದ ಔಷಧವು ತನ್ನ ದೇಹದಲ್ಲಿ ಹೆಚ್ಚು ಕಡಿಮೆ ಇದ್ದಂತೆಯೇ ಉಳಿದಿದೆಯೆಂಬುದನ್ನು ಕಂಡುಕೊಂಡನು. ಅನಂತರ ಅನೇಕರನ್ನೂ ಅವರ ಕುಟುಂಬಗಳನ್ನೂ ಪರೀಕ್ಷಿಸಲಾಗಿ ಈ ನ್ಯೂನತೆಯು ವಂಶಪಾರಂಪರ್ಯವಾಗಿ ಬರುವುದೆಂದು ಸಿದ್ಧವಾಯಿತು. ೧೯೭೭ರಲ್ಲಿ, ಎಂದರೆ ಟ್ರಮಡಾಲ್ ಪೇಟೆಗೆ ಬಂದ ವರ್ಷದಲ್ಲಿಯೇ, ಈ ಶೋಧವು ಲಂಡನ್ನಿನಲ್ಲಿ ಪ್ರಕಟವಾಯಿತು. ಅದೇ ಕಾಲದಲ್ಲಿ ಜರ್ಮನಿಯ ಬಾನ್ ನಗರದಲ್ಲಿ ಐಖೆಲ್‌ಬೌಮ್ ಎಂಬಾತನು ಸ್ಪಾರ್ಟಿನ್ ಎಂಬ ಬೇರೊಂದು ಔಷಧವನ್ನು ಸೇವಿಸಿದ ಕೆಲವರಿಗೆ ಮಾತ್ರ ಒಂದು ವಸ್ತುವು ಎರಡಾಗಿ ತೋರುವುದೇ ಮೊದಲಾದ ಪೀಡೆಗಳು ಬಂದುದನ್ನು ಕಂಡು, ಸ್ವತಂತ್ರವಾಗಿ ಇದೇ ತತ್ತ್ವವನ್ನು ಮುಟ್ಟಿದನು. ಎರಡಕ್ಕೂ ಮೂಲವು ಆ ಒಂದೇ ಕಿಣ್ವವೆಂದು ಮುಂದೆ ತಿಳಿದುಬಂತು.

ಔಷಧದ ಅನುಭವದಲ್ಲಿ ಜನರು ಏಕೆ ಭಿನ್ನರೆಂಬುದಕ್ಕೆ ಇಂತು ಒಂದು ದೃಢವಾದ ಆಧಾರವು ಸಿಕ್ಕಿತು. ಈ ಕಿಣ್ವವನ್ನು ನಿಯಮಿಸುವ ವಂಶವಾಹಿಯು ನಮ್ಮ ಇಪ್ಪತ್ತೆರಡನೆಯ ವರ್ಣತಂತುವಿನಲ್ಲಿದೆ. ತಂದೆಯಿಂದ ಒಂದು, ತಾಯಿಯಿಂದ ಒಂದು ಪ್ರತಿಯು ಬರುವುದು. ಎರಡೂ ಕೆಟ್ಟ ಪ್ರತಿಗಳಾಗಿದ್ದರೆ ಕಿಣ್ವವೇ ಇಲ್ಲ. ಯುರೋಪಿನ ಜನರಲ್ಲಿ ನೂರಕ್ಕೆ ಐದರಿಂದ ಹತ್ತು ಮಂದಿ ಇಂಥವರು. ಚೀನ ಜಪಾನುಗಳಲ್ಲಿ ನೂರಕ್ಕೆ ಒಬ್ಬರಷ್ಟು, ಆದರೆ ಅಲ್ಲಿ ಮಂದಗತಿಯ ಪ್ರತಿಯುಳ್ಳವರು ಬಹಳ. ಇದಕ್ಕೆ ವಿರುದ್ಧವಾದ ಸ್ಥಿತಿಯೂ ಉಂಟು. ೧೯೯೩ರಲ್ಲಿ ಸ್ವೀಡನ್ನಿನ ವಿದ್ವಾಂಸರು ಒಂದು ಕುಟುಂಬದ ತಂದೆ, ಮಗ, ಮಗಳು ಈ ಮೂವರಲ್ಲಿ ಆ ವಂಶವಾಹಿಯು ಹನ್ನೆರಡು ಪಾಲಾಗಿ ಬೆಳೆದುಕೊಂಡಿದ್ದುದನ್ನು ಪ್ರಕಟಿಸಿದರು. ಇಂಥವರ ಯಕೃತ್ತು ಔಷಧವನ್ನು ಅತಿ ವೇಗದಿಂದ ಮಾರ್ಪಡಿಸುವುದು. ಸ್ವೀಡನ್ನಿನಲ್ಲಿ ಈ ವೇಗದವರು ನೂರಕ್ಕೆ ಒಬ್ಬಿಬ್ಬರು. ಇಥಿಯೋಪಿಯದಲ್ಲಿ ೧೯೯೬ರಲ್ಲಿ ಪರೀಕ್ಷಿಸಿದವರೊಳಗೆ ಹೆಚ್ಚು ಪ್ರತಿಗಳುಳ್ಳವರು ನೂರಕ್ಕೆ ಇಪ್ಪತ್ತೊಂಬತ್ತು. ಒಂದು ದೇಶದ ಜನರ ಮೇಲೆ ಪರೀಕ್ಷಿಸಿದ ಮಾತ್ರೆಯ ಪ್ರಮಾಣವನ್ನು ಮತ್ತೊಂದು ದೇಶಕ್ಕೆ ಹಾಗೆಯೇ ಹೊತ್ತೊಯ್ಯುವವರು ಈ ಅಂಕೆಗಳನ್ನು ಗೋಡೆಯ ಮೇಲೆ ಬರೆದಿಟ್ಟುಕೊಳ್ಳುವುದು ಲೇಸು.

ಇದು ರೋಗಿಯ ಹಾಸಿಗೆಯ ಬಳಿ ಹೇಗೆ ಪರಿಣಮಿಸುವುದೆಂಬುದನ್ನು ಅದೇ ಬಾನ್ ನಗರದಲ್ಲಿ, ಹೊಟ್ಟೆಯ ಶಸ್ತ್ರಚಿಕಿತ್ಸೆಯಾದ ೩೦೦ ಮಂದಿಯಲ್ಲಿ ಪರೀಕ್ಷಿಸಿ, ೨೦೦೩ರಲ್ಲಿ ಪ್ರಕಟಿಸಿದರು. ಸಾಧಾರಣ ಕಿಣ್ವವುಳ್ಳವರಲ್ಲಿ ಟ್ರಮಡಾಲಿನಿಂದ ಸಾಕಷ್ಟು ಶಮನ ದೊರೆಯದವರು ನೂರಕ್ಕೆ ಸುಮಾರು ೨೨. ಕಿಣ್ವಹೀನರಲ್ಲಿ ಸುಮಾರು ೪೭. ಈ ಎರಡು ಅಂಕೆಗಳನ್ನು ಸಾವಧಾನವಾಗಿ ನೋಡಬೇಕು. ಕಿಣ್ವವಿಲ್ಲದವರಲ್ಲಿಯೂ ಅರ್ಧಕ್ಕಿಂತ ಹೆಚ್ಚು ಮಂದಿಗೆ ಉಪಶಮನವಾಯಿತು. ನರರಸಗಳ ದಾರಿಯು ಅವರಿಗೆ ತೆರೆದೇ ಇತ್ತು. ಕಿಣ್ವವಿದ್ದವರಲ್ಲಿಯೂ ಐದರಲ್ಲಿ ಒಬ್ಬನಿಗೆ ಫಲವಿಲ್ಲ. ಆದುದರಿಂದ ವಂಶವಾಹಿಯೊಂದರಿಂದಲೇ ಎಲ್ಲವನ್ನೂ ವಿವರಿಸಿಬಿಟ್ಟೆವೆಂದು ಬೀಗುವ ಆಧುನಿಕ ದೈವವಾದಿಗಳಿಗೂ ಇಲ್ಲಿ ಜಯವಿಲ್ಲ. ಹಾಗೆಯೇ, ಚರಕನು ಪ್ರಕೃತಿ, ಸಾತ್ಮ್ಯ, ಸತ್ತ್ವ, ವಯಸ್ಸು ಮೊದಲಾದ ಹತ್ತು ವಿಧದಿಂದ ರೋಗಿಯನ್ನು ಪರೀಕ್ಷಿಸಬೇಕೆಂದಿರುವುದನ್ನು ಹಿಡಿದುಕೊಂಡು, ಈ ಕಿಣ್ವವೆಲ್ಲ ನಮ್ಮವರಿಗೆ ಮೊದಲೇ ಗೊತ್ತಿತ್ತೆಂದು ಸಭೆಗಳಲ್ಲಿ ಭಾಷಣ ಮಾಡುವವರ ಪಕ್ಷವೂ ನನ್ನದಲ್ಲ. ಚರಕನು ಹೇಳಿದುದು ಒಬ್ಬೊಬ್ಬನನ್ನೂ ಬೇರೆಯಾಗಿ ನೋಡಬೇಕೆಂಬ ಕ್ರಮವನ್ನು. ಅಷ್ಟು ಹೇಳಿದುದೇ ಅವನಿಗೆ ಸಾಕಾದಷ್ಟು ಕೀರ್ತಿ.

ಇಲ್ಲಿ ನಾನು ಕಂಡ ಒಂದು ಪ್ರಸಂಗವನ್ನು ಹೇಳುವುದು ಅಪ್ರಸ್ತುತವಾಗಲಾರದು. ಕೆಲವು ವರ್ಷಗಳ ಹಿಂದೆ ಅಂಡವಾಯುವಿನ ಶಸ್ತ್ರಚಿಕಿತ್ಸೆಗಾಗಿ ಒಂದು ಆಸ್ಪತ್ರೆಯಲ್ಲಿ ನಾಲ್ಕು ದಿನ ಮಲಗಿದ್ದೆನು. ನಮ್ಮ ಕೊಠಡಿಯಲ್ಲಿ ಮೂವರು. ಮೂವರಿಗೂ ಇದೇ ಔಷಧ. ನನ್ನ ಎಡಮಗ್ಗುಲಿನ ಅಡಕೆ ತೋಟದ ಯಜಮಾನರು ಬೆಳಗಾಗೆದ್ದು, “ಮೇಷ್ಟ್ರೇ, ಇದು ಗುಳಿಗೆಯಲ್ಲ, ಅಮೃತ ಕಣ್ರೀ” ಎಂದರು. ನನಗಾದರೋ ರಾತ್ರಿಯೆಲ್ಲ ಓಕರಿಕೆ. ನೋವು ತಗ್ಗಿದುದು ನಿಜ, ಆದರೆ ಕೊಠಡಿಯ ಸೂರು ನೌಕೆಯಂತೆ ತೂಗುತ್ತಿದ್ದಿತು. ಬಲಮಗ್ಗುಲಿನಲ್ಲಿದ್ದವನು ಲಾರಿ ಓಡಿಸುವ ತರುಣ, ತೊಡೆಯ ಎಲುಬು ಮುರಿದವನು. ಅವನು, “ಸಿಸ್ಟರ್, ಎರಡು ದಿನದಿಂದ ಹೇಳ್ತಾ ಇದ್ದೀನಿ, ಇದು ನನಗೆ ಹಿಡೀತಾನೇ ಇಲ್ಲ” ಎಂದು ಹಲ್ಲು ಕಚ್ಚಿಕೊಂಡು ಬೇಡುತ್ತಿದ್ದನು. ಅವನು ಚಟಕ್ಕಾಗಿ ಹೆಚ್ಚು ಔಷಧ ಕೇಳುವ ಜಾತಿಯವನೆಂದು ಅಲ್ಲಿನವರು ತೀರ್ಮಾನಿಸಿಬಿಟ್ಟಿದ್ದರು. “ಎಲ್ಲರಿಗೂ ಹಿಡಿದದ್ದು ನಿನಗೊಬ್ಬನಿಗೆ ಹಿಡಿಯೋದಿಲ್ವೇನಪ್ಪ?” ಎಂಬುದೇ ಉತ್ತರ. ಮೂರನೆಯ ದಿನ ಬೇರೊಬ್ಬ ವೈದ್ಯರು ಬಂದು, ಔಷಧವನ್ನೇ ಬದಲಾಯಿಸಿದ ಮೇಲೆ ಅವನು ನಿದ್ರೆ ಮಾಡಿದನು. ಅವನ ಯಕೃತ್ತಿನಲ್ಲಿ ಕಿಣ್ವವಿತ್ತೋ ಇಲ್ಲವೋ ಯಾರೂ ಪರೀಕ್ಷಿಸಲಿಲ್ಲ. ಆದರೆ ಅವನಿಗೆ ಕೊಟ್ಟ ಉತ್ತರವು ೧೯೭೫ಕ್ಕಿಂತ ಹಿಂದಿನದೆಂಬುದರಲ್ಲಿ ಸಂದೇಹವಿಲ್ಲ.

ವೇಗದ ಕಿಣ್ವವುಳ್ಳವರ ಕಷ್ಟವು ಇನ್ನೂ ಘೋರವಾದುದು. ಫ್ರಾನ್ಸಿನಲ್ಲಿ ಗಂಟಲಿನ ಶಸ್ತ್ರಚಿಕಿತ್ಸೆಯಾದ ಐದು ವರ್ಷದ ಬಾಲಕನೊಬ್ಬನು ಟ್ರಮಡಾಲ್ ಸೇವಿಸಿದ ಮೇಲೆ ಗಾಢವಾದ ಮಂಪರಿಗೆ ಬಿದ್ದು, ಉಸಿರು ಕ್ಷೀಣಿಸಿ, ಆಸ್ಪತ್ರೆಗೆ ಮರಳಿ ಬರಬೇಕಾಯಿತು. ಪರೀಕ್ಷಿಸಲು ಅವನು ಅತಿವೇಗದ ವರ್ಗದವನೆಂದು ತಿಳಿದುದು ೨೦೧೫ರಲ್ಲಿ ಪ್ರಕಟವಾಯಿತು. ಕೋಡೀನ್ ಎಂಬ ಮತ್ತೊಂದು ‘ಸೌಮ್ಯ’ ಔಷಧವೂ ಇದೇ ಕಿಣ್ವದಿಂದಲೇ ಮಾರ್ಫೀನಾಗಿ ಮಾರ್ಪಡುವುದು. ಅದರಿಂದ ಮಕ್ಕಳು ಸತ್ತುದೂ ಉಂಟು. ೨೦೧೭ರ ಏಪ್ರಿಲಿನಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಇವೆರಡನ್ನೂ ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ ಕೊಡಕೂಡದೆಂದು ವಿಧಿಸಿತು. ಮೊಲೆಯೂಡುವ ತಾಯಂದಿರಿಗೂ ಬೇಡವೆಂದು ಎಚ್ಚರಿಸಿತು.

ಒಬ್ಬನೇ ಮನುಷ್ಯನು ಎರಡು ಕಾಲಗಳಲ್ಲಿ ಇಬ್ಬರಾಗುವುದೂ ಉಂಟು. ಖಿನ್ನತೆಗೆ ಕೊಡುವ ಫ್ಲುವಾಕ್ಸೆಟಿನ್, ಪ್ಯಾರಾಕ್ಸೆಟಿನ್ ಮೊದಲಾದುವು ಈ ಕಿಣ್ವವನ್ನು ಕಟ್ಟಿಹಾಕುವುವು. ಅವನ್ನು ಸೇವಿಸುತ್ತಿರುವವನು ಹುಟ್ಟಿನಿಂದ ಕಿಣ್ವವಂತನಾದರೂ ಆ ಅವಧಿಯಲ್ಲಿ ಕಿಣ್ವಹೀನನಂತೆಯೇ. ಮೇಲಾಗಿ ಎರಡೂ ಸೆರೊಟೋನಿನ್ನನ್ನು ಹೆಚ್ಚಿಸುವುದರಿಂದ ಜ್ವರ, ನಡುಕ, ಭ್ರಾಂತಿಗಳಿಂದ ಕೂಡಿದ ಅಪಾಯಕರವಾದ ಅವಸ್ಥೆಯು ಬರಬಹುದು. ಮೂರ್ಛೆರೋಗವುಳ್ಳವರಿಗೆ ಸೆಳವು ಬರುವ ಭಯವೂ ಇದೆ. ವಯಸ್ಕರಿಗೆ ಒಂದು ಸಲಕ್ಕೆ ೫೦ರಿಂದ ೧೦೦ ಮಿಲಿಗ್ರಾಂ, ದಿನಕ್ಕೆ ೪೦೦ಕ್ಕೆ ಮೀರಬಾರದೆಂಬ ಮಿತಿಯನ್ನು ಇಟ್ಟಿರುವುದು ಇಂಥ ಕಾರಣಗಳಿಂದಲೇ.

ಇನ್ನು ಇದರ ದಿಗ್ವಿಜಯದ ಮತ್ತೊಂದು ಮುಖ. ಅಂತಾರಾಷ್ಟ್ರೀಯ ನಿರ್ಬಂಧಗಳಿಗೆ ಒಳಪಡದಿದ್ದ ಈ ಅಗ್ಗದ ಔಷಧವು ಆಫ್ರಿಕಾದ ಪಶ್ಚಿಮ ಮತ್ತು ಉತ್ತರ ಭಾಗಗಳಲ್ಲಿ ಸಂತೆಯ ಸರಕಾಯಿತು. ಇಡೀ ದಿನ ಬಿಸಿಲಲ್ಲಿ ದುಡಿಯುವವರು ದಣಿವು ಗೊತ್ತಾಗದಿರಲೆಂದು ಇದನ್ನು ನುಂಗತೊಡಗಿದರು. ವೈದ್ಯರು ಎಲ್ಲಿಯೂ ಬರೆಯದ ೨೨೫, ೨೫೦ ಮಿಲಿಗ್ರಾಮಿನ ಗುಳಿಗೆಗಳು ಅಲ್ಲಿಗೆಂದೇ ತಯಾರಾದುವು. ಅವುಗಳಲ್ಲಿ ಬಹುಪಾಲು ನಮ್ಮ ಭಾರತದಲ್ಲಿಯೇ ತಯಾರಾದುವೆಂದು ಹೇಳಲು ಸಂಕೋಚವಾದರೂ ಹೇಳಲೇಬೇಕು. ವಿಶ್ವಸಂಸ್ಥೆಯ ಲೆಕ್ಕದಂತೆ ೨೦೧೭ನೆಯ ಒಂದು ವರ್ಷದಲ್ಲಿ ಲೋಕದಲ್ಲಿ ಹಿಡಿಯಲ್ಪಟ್ಟ ಕಳ್ಳಸಾಗಣೆಯ ಟ್ರಮಡಾಲ್ ೧೨೫ ಟನ್ನು.

ಇದಕ್ಕೆ ಸಂಬಂಧಪಟ್ಟ ಒಂದು ಸ್ವಾರಸ್ಯವು ಕ್ಯಾಮರೂನ್ ದೇಶದಲ್ಲಿ ನಡೆಯಿತು. ೨೦೧೩ರಲ್ಲಿ, ಅಲ್ಲಿಯ ಜನರು ನೋವಿಗೂ ಜ್ವರಕ್ಕೂ ಬಳಸುವ ನಾಕ್ಲಿಯ ಎಂಬ ಮರದ ಬೇರಿನ ತೊಗಟೆಯಲ್ಲಿ ಟ್ರಮಡಾಲ್ ಹೇರಳವಾಗಿದೆಯೆಂದು ಕೆಲವು ವಿದ್ವಾಂಸರು ಪ್ರಕಟಿಸಿದರು. ಲೋಕವು ಬೆರಗಾಯಿತು. ಮನುಷ್ಯನು ಸ್ವಬುದ್ಧಿಯಿಂದ ಮಾಡಿದೆನೆಂದುಕೊಂಡುದನ್ನು ಪ್ರಕೃತಿಯು ಮೊದಲೇ ಮಾಡಿಟ್ಟಿತ್ತೆ? ಮೂಲಿಕೆಗಳ ಪಕ್ಷಪಾತಿಗಳು ಹಿಗ್ಗಿದರು. ಮರುವರ್ಷವೇ ಜರ್ಮನಿಯ ಡಾರ್ಟ್‌ಮುಂಡಿನ ಸ್ಪಿಟೆಲರ್ ಮತ್ತು ಸಂಗಡಿಗರು ಅಲ್ಲಿಗೆ ಹೋಗಿ, ಮರದ ಜೊತೆಗೆ ನೆಲವನ್ನೂ ನೀರನ್ನೂ ಅಕ್ಕಪಕ್ಕದ ಬೇರೆ ಗಿಡಗಳನ್ನೂ ಪರೀಕ್ಷಿಸಿದರು. ಉತ್ತರ ಭಾಗದಲ್ಲಿ ಎಲ್ಲೆಲ್ಲಿಯೂ ಟ್ರಮಡಾಲ್ ಸಿಕ್ಕಿತು. ದಕ್ಷಿಣದಲ್ಲಿ ಅದೇ ಜಾತಿಯ ಮರದಲ್ಲಿ ಇರಲಿಲ್ಲ. ಪ್ರಾಣಿಗಳ ದೇಹದಲ್ಲಿ ಮಾತ್ರ ಹುಟ್ಟತಕ್ಕ ಅದರ ರೂಪಾಂತರಗಳೂ ಜೊತೆಗೆ ದೊರೆತುವು. ವಿಚಾರಿಸಲಾಗಿ, ರೈತರು ತಾವೂ ಗುಳಿಗೆ ನುಂಗಿ, ಬಿಸಿಲಿನಲ್ಲಿ ನೇಗಿಲೆಳೆಯುವ ಎತ್ತುಗಳಿಗೂ ಅದನ್ನೇ ತಿನ್ನಿಸುತ್ತಿದ್ದರೆಂದು ತಿಳಿಯಿತು. ದನಗಳು ಮಧ್ಯಾಹ್ನ ಮರದ ನೆರಳಿನಲ್ಲಿ ನಿಂತು ಗಂಜಳ ಹೊಯ್ಯುವುದು ಸಹಜವಷ್ಟೆ. ಅದು ನೆಲಕ್ಕಿಳಿದು ಬೇರಿನೊಳಗೆ ಸೇರಿತ್ತು! ವಾದವು ಅಲ್ಲಿಗೇ ಮುಗಿಯಲಿಲ್ಲ. ೨೦೧೬ರಲ್ಲಿ ಇಂಗಾಲದ ಕಾಲಪರೀಕ್ಷೆಯನ್ನು ಮಾಡಿ, ಅಲ್ಲಿ ಸಿಕ್ಕಿದ ವಸ್ತುವು ಕಲ್ಲೆಣ್ಣೆಯ ಮೂಲದಿಂದ ಕಾರ್ಖಾನೆಯಲ್ಲಿ ಮಾಡಿದುದೆಂದು ಸ್ಪಿಟೆಲರನ ಪಕ್ಷದವರು ತೋರಿಸಿಕೊಟ್ಟರು. ಒಂದು ದೇಶದ ದಣಿವೆಲ್ಲ ಮರದ ಬೇರಿನಲ್ಲಿ ದಾಖಲಾದುದನ್ನು ನಾನು ಬೇರೆ ಯಾವ ಚರಿತ್ರೆಯಲ್ಲಿಯೂ ಓದಿಲ್ಲ.

ಸರ್ಕಾರಗಳು ಒಂದೊಂದಾಗಿ ಎಚ್ಚತ್ತುವು. ೨೦೧೪ರಲ್ಲಿ ಬ್ರಿಟನ್ನೂ ಅಮೆರಿಕವೂ ಟ್ರಮಡಾಲನ್ನು ನಿರ್ಬಂಧಿತ ದ್ರವ್ಯಗಳ ಪಟ್ಟಿಗೆ ಸೇರಿಸಿದುವು. ಭಾರತದಲ್ಲಿ ೨೦೧೪ರ ಮಾರ್ಚಿಯಿಂದ ಇದರ ಮಾರಾಟವನ್ನು ಪ್ರತ್ಯೇಕವಾದ ಪುಸ್ತಕದಲ್ಲಿ ದಾಖಲೆ ಮಾಡುವ ನಿಯಮವು ಬಂತು. ೨೦೧೮ರ ಏಪ್ರಿಲಿನಲ್ಲಿ ಇದನ್ನು ೧೯೮೫ರ ಮಾದಕದ್ರವ್ಯಗಳ ಕಾಯಿದೆಯ ಕಟ್ಟಿಗೆ ಒಳಪಡಿಸಲಾಯಿತು. ಆದರೆ ಕಟ್ಟು ಬಿಗಿದರೆ ಕಳ್ಳನಿಗೆ ಮಾತ್ರ ಬಿಗಿಯುವುದೆಂಬ ಭರವಸೆಯಿಲ್ಲ. ೧೯೮೫ರ ಆ ಕಾಯಿದೆಯು ಬಂದ ಮೇಲೆ ಪರವಾನಗಿಗಳ ತೊಡಕಿನಿಂದ ಆಸ್ಪತ್ರೆಗಳು ಮಾರ್ಫೀನನ್ನು ಇಡುವುದನ್ನೇ ಬಿಟ್ಟುವು. ಸರ್ಕಾರದ ಕಟ್ಟಿನಲ್ಲಿ ಗಸಗಸೆಯನ್ನು ಬೆಳೆದು ಪರದೇಶಗಳಿಗೆ ಅಫೀಮನ್ನು ಕಳಿಸುತ್ತಿದ್ದ ಈ ದೇಶದಲ್ಲಿ, ೧೯೯೭ರ ವೇಳೆಗೆ ವೈದ್ಯಕ್ಕೆ ಬಳಕೆಯಾದ ಮಾರ್ಫೀನ್ ವರ್ಷಕ್ಕೆ ಸುಮಾರು ೧೮ ಕಿಲೋಗ್ರಾಮಿಗೆ ಇಳಿಯಿತು. ಅರ್ಬುದರೋಗಿಗಳು ನರಳುತ್ತ ಸತ್ತರು. ಕೇರಳದ ಡಾಕ್ಟರ್ ಎಂ. ಆರ್. ರಾಜಗೋಪಾಲರೇ ಮೊದಲಾದವರು ಬಹುವರ್ಷ ಹೋರಾಡಿದ ಫಲವಾಗಿ ೨೦೧೪ರಲ್ಲಿ ಆ ಕಾಯಿದೆಯನ್ನು ತಿದ್ದಿ, ರೋಗಿಗಳಿಗೆ ದಾರಿಯನ್ನು ಸ್ವಲ್ಪ ಸುಗಮ ಮಾಡಿದರು. ಮಾರ್ಫೀನ್ ಸಿಗದ ಆ ಕಾಲದಲ್ಲಿ ಎಷ್ಟೋ ಮನೆಗಳಲ್ಲಿ ಕೈಗೆಟುಕುತ್ತಿದ್ದುದು ಟ್ರಮಡಾಲ್ ಒಂದೇ. ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು ಇದನ್ನು ಮತ್ತೆ ಮತ್ತೆ ವಿಮರ್ಶಿಸಿ, ೨೦೧೮ರಲ್ಲಿಯೂ ಅಂತಾರಾಷ್ಟ್ರೀಯ ನಿರ್ಬಂಧಕ್ಕೆ ಒಳಪಡಿಸಬೇಕೆಂದು ಶಿಫಾರಸು ಮಾಡದಿದ್ದುದು, ಬಡ ದೇಶಗಳ ರೋಗಿಗಳಿಗೆ ಇದೂ ಇಲ್ಲದಂತಾದೀತೆಂಬ ಈ ಭಯದಿಂದಲೇ.

ನಿರ್ಬಂಧವು ಬಂದ ಮೇಲೆ ಕಳ್ಳ ವ್ಯಾಪಾರವು ಬೇರೆ ಬಾಗಿಲು ಹುಡುಕಿತು. ಟ್ರಮಡಾಲಿನ ತಮ್ಮನೆನ್ನಬಹುದಾದ ಟ್ಯಾಪೆಂಟಡಾಲ್ ಎಂಬುದನ್ನು ಕಾರಿಸೊಪ್ರೊಡಾಲಿನೊಡನೆ ಬೆರಸಿದ ಗುಳಿಗೆಗಳು ಆಫ್ರಿಕಾಕ್ಕೆ ಹೋಗತೊಡಗಿದುವು; ಅದು ಬಯಲಾದ ಮೇಲೆ ೨೦೨೫ರ ಫೆಬ್ರವರಿಯಲ್ಲಿ ಭಾರತ ಸರ್ಕಾರವು ಆ ಮಿಶ್ರಣದ ತಯಾರಿಕೆ ಮತ್ತು ರಫ್ತುಗಳ ಅನುಮತಿಯನ್ನು ಹಿಂತೆಗೆದುಕೊಂಡಿತು. ಟ್ಯಾಪೆಂಟಡಾಲ್ ಕೂಡ ಗ್ರ್ಯೂನೆಂತಾಲ್ ಸಂಸ್ಥೆಯದೇ ಶಿಶು. ಅದು ಬಲ ಪಡೆಯಲು ಯಕೃತ್ತಿನ ಅಡಿಗೆಯವನನ್ನು ಕಾಯಬೇಕಾಗಿಲ್ಲವಾದುದರಿಂದ, ಜನರ ಅನುಭವಗಳಲ್ಲಿ ಕಿಣ್ವದಿಂದಾಗುವ ಭೇದವು ಅದರಲ್ಲಿಲ್ಲ.

ಪರದೇಶಗಳಲ್ಲಿ ಈಗ ರಕ್ತದ ಅಥವಾ ಎಂಜಲಿನ ಒಂದು ಹನಿಯಿಂದ ಈ ವಂಶವಾಹಿಯನ್ನು ಓದುವರು. ಡಚ್ಚರ ಔಷಧ ತಯಾರಕರ ಸಂಘವೂ, ಅಮೆರಿಕದ ತಜ್ಞಮಂಡಲಿಯೊಂದೂ, ಕಿಣ್ವಹೀನರಿಗೂ ಅತಿವೇಗದವರಿಗೂ ಟ್ರಮಡಾಲಿನ ವಿಷಯದಲ್ಲಿ ಏನು ಮಾಡತಕ್ಕದ್ದೆಂಬ ವಿಧಿಗಳನ್ನು ಬರೆದಿಟ್ಟಿವೆ. ನಮ್ಮಲ್ಲಿ ಔಷಧ ಬರೆಯುವ ಮುನ್ನ ಇಂಥ ಪರೀಕ್ಷೆಯನ್ನು ಮಾಡಿಸುವ ರೂಢಿಯಿನ್ನೂ ಬಂದಿಲ್ಲ. ಸದ್ಯಕ್ಕೆ ನಮ್ಮ ಆಸ್ಪತ್ರೆಗಳಲ್ಲಿ ಇರುವ ಪರೀಕ್ಷಾಸಾಧನವು ರೋಗಿಯ ಬಾಯ ಮಾತೊಂದೇ; ಅದಕ್ಕೆ ಖರ್ಚೇನೂ ತಗಲುವುದಿಲ್ಲ.